ಬಸ್ಸಿಗೆ ಹೊಗೆ ತಪಾಸಣೆ ಉಂಟು, ಬೋಟಿಗೆ ಯಾಕಿಲ್ಲ?

ಕರಾವಳಿಯ ನಮ್ಮ ಧರ್ಮಕೇಂದ್ರಗಳಿಂದ ವರ್ಷಕ್ಕೊಮ್ಮೆ ಹೊರಡುವ ಪ್ರವಾಸಕ್ಕೆ ಒಂದು ಸಿದ್ಧ ದಾರಿ ಇದೆ. ನಸುಕಿನಲ್ಲಿ ಮಿನಿ ಬಸ್ಸು ಹತ್ತಿ ಆಗುಂಬೆ ಘಾಟಿ ಏರುವುದು, ತೀರ್ಥಹಳ್ಳಿ, ಮಂಡಗದ್ದೆ, ಸಕ್ರೆಬೈಲು ದಾಟಿ ಶಿವಮೊಗ್ಗ ಸೇರುವುದು, ಅಲ್ಲಿಂದ ಕುಂಸಿ, ಆನಂದಪುರ, ಸಾಗರ ಮಾರ್ಗವಾಗಿ ಜೋಗ ನೋಡಿ ಹೊನ್ನಾವರಕ್ಕೆ ಇಳಿಯುವುದು. ಕೆಲ ಸಮಯದ ಹಿಂದೆ ಕ್ರೈಸ್ತ ಶಿಕ್ಷಣದ ಮಕ್ಕಳೊಂದಿಗೆ ನಾವೂ ಇದೇ ದಾರಿಯಲ್ಲಿ ಹೋಗಿದ್ದೆವು. ದಾರಿಯ ಹಿನ್ನೀರೊಂದರಲ್ಲಿ ಮಕ್ಕಳನ್ನು ಮೋಟಾರ್ ಬೋಟಿನಲ್ಲಿ ಒಂದು ಸುತ್ತು ಕರೆದುಕೊಂಡು ಹೋದರು. ಹಿಂದುಗಡೆ ಕುಳಿತ ಮಕ್ಕಳ ಮೇಲೆ ನೀಲಿ ಹೊಗೆ ಸುಳಿಯುತ್ತಿತ್ತು. ದಡಕ್ಕೆ ಬಂದಾಗ ಇಬ್ಬರಿಗೆ ತಲೆನೋವು, ಒಬ್ಬನಿಗೆ ವಾಂತಿ. ಘಾಟಿಯ ತಿರುವಿನಿಂದ ಹಾಗಾಗಿರಬೇಕು ಎಂದು ನಾವು ಸಮಾಧಾನ ಮಾಡಿಕೊಂಡೆವು.

ಕುಂಸಿಯಲ್ಲಿ ಚಹಾಕ್ಕೆ ಬಸ್ಸು ನಿಂತಿತು. ಒಂದು ಕಾಲದಲ್ಲಿ ಮ್ಯಾಂಗನೀಸ್ ಗಣಿಗೆ ಹೆಸರಾಗಿದ್ದ ಊರು ಇದು. ರಸ್ತೆಯ ಬದಿಯಲ್ಲಿ ಎಮಿಷನ್ ಟೆಸ್ಟ್ ಮಾಡುವ ವ್ಯಾನ್ ನಿಂತಿತ್ತು. ಬೈಕಿನ ಸೈಲೆನ್ಸರ್ ಒಳಗೆ ಕೊಳವೆ ತೂರಿಸಿ, ಕಂಪ್ಯೂಟರ್ ನೋಡಿ, ಚೀಟಿ ಮುದ್ರಿಸಿ ಕೊಡುತ್ತಿದ್ದರು. ಏಳನೇ ತರಗತಿಯ ಹುಡುಗನೊಬ್ಬ ಅದನ್ನೇ ನೋಡುತ್ತಿದ್ದವನು ನಮ್ಮ ಬಳಿಗೆ ಬಂದು ಕೇಳಿದ: “ಫಾದರ್, ಬೈಕಿಗೂ ಬಸ್ಸಿಗೂ ಹೊಗೆ ಟೆಸ್ಟ್ ಉಂಟಲ್ಲ, ಬೆಳಿಗ್ಗೆ ನಾವು ಹೋದ ಬೋಟಿಗೆ ಯಾಕಿಲ್ಲ?”

ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಊರಿಗೆ ಮರಳಿದ ಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಶಿಕ್ಷಕರಿಗೆ, ಯುವ ಸಂಘಟನೆಗಳ ಮುಖಂಡರಿಗೆ, ಔಟ್‌ಬೋರ್ಡ್ ಎಂಜಿನ್ನನ್ನೇ ನಂಬಿ ಬದುಕುವ ನಮ್ಮ ಮೀನುಗಾರ ಕುಟುಂಬಗಳಿಗೆ ಈ ವಿಷಯ ತಿಳಿದಿರುವುದು ಒಳ್ಳೆಯದು.

ಹೊಗೆ ಎಲ್ಲಿಗೆ ಹೋಗುತ್ತದೆ?

ಸಣ್ಣ ಬೋಟುಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಎಂಜಿನ್‌ಗಳಿವೆ. ದೋಣಿಯ ಹಿಂಭಾಗಕ್ಕೆ ಹೊರಗಿನಿಂದ ಸಿಕ್ಕಿಸುವ ಎಂಜಿನ್ ಔಟ್‌ಬೋರ್ಡ್. ಇದು ನಮ್ಮ ಕಡಲ ತೀರದವರಿಗೆಲ್ಲ ಪರಿಚಿತ. ಬೋಟಿನ ಒಳಗೆ ಕೂರಿಸಿ ಉದ್ದದ ದಂಡದ ಮೂಲಕ ಫ್ಯಾನು ತಿರುಗಿಸುವಂಥದ್ದು ಇನ್‌ಬೋರ್ಡ್. ಎಂಜಿನ್ ಒಳಗಿದ್ದು, ಫ್ಯಾನಿನ ಭಾಗ ಮಾತ್ರ ಹಿಂದೆ ಹೊರಗಿರುವುದು ಸ್ಟರ್ನ್‌ಡ್ರೈವ್. ವಿದೇಶಗಳ ವಿಹಾರದ ಸ್ಪೀಡ್ ಬೋಟುಗಳಲ್ಲಿ ಇದು ಬಹಳ ಸಾಮಾನ್ಯ.

ಔಟ್‌ಬೋರ್ಡ್ ಮತ್ತು ಸ್ಟರ್ನ್‌ಡ್ರೈವ್‌ಗಳಲ್ಲಿ ಹೊಗೆಯನ್ನು ಸಾಮಾನ್ಯವಾಗಿ ಫ್ಯಾನಿನ ನಡುವಿನ ತೂತಿನ ಮೂಲಕ ನೀರಿನೊಳಗೇ ಬಿಡುತ್ತಾರೆ. ಹೀಗೆ ಮಾಡಿದರೆ ಶಬ್ದ ಕಡಿಮೆಯಾಗುತ್ತದೆ, ಬಿಸಿಯೂ ತಣಿಯುತ್ತದೆ. ಆದರೆ ರಸ್ತೆಯ ಮೇಲೆ ಲಾರಿ ಕಪ್ಪು ಹೊಗೆ ಉಗುಳಿದರೆ ನಾವು ಮೂಗು ಮುಚ್ಚಿ ಬೈಯುತ್ತೇವೆ. ಬೋಟಿನ ಹೊಗೆ ಗುಳ್ಳೆಗಳಾಗಿ ನೀರಿಗೆ ಸೇರುವುದರಿಂದ ಅದರ ಬಹುಪಾಲು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಬೋಟಿಗೆ ನಿಯಮ ತಡವಾಗಿ ಬಂದುದಕ್ಕೆ ಇದೂ ಒಂದು ಕಾರಣವಿರಬಹುದು.

ಇನ್ನು ಹಳೆಯ ಟು ಸ್ಟ್ರೋಕ್ ಎಂಜಿನ್‌ನ ಮಾತು. ಹಿಂದಿನ ಸ್ಕೂಟರುಗಳಲ್ಲಿ, ಆಟೋರಿಕ್ಷಾಗಳಲ್ಲಿ ಇದ್ದುದು ಇದೇ ಎಂಜಿನ್. ಪೆಟ್ರೋಲ್ ಹಾಕುವಾಗ ಜತೆಗೆ ಆಯಿಲ್ ಬೆರೆಸುತ್ತಿದ್ದುದು ಹಿರಿಯರಿಗೆ ನೆನಪಿರುತ್ತದೆ. ಈ ಎಂಜಿನ್‌ನಲ್ಲಿ ಉರಿದ ಹೊಗೆ ಹೊರಗೆ ಹೋಗುವ ಬಾಗಿಲೂ ಹೊಸ ಇಂಧನ ಒಳಗೆ ಬರುವ ಬಾಗಿಲೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಒಳಗೆ ಬಂದ ಹೊಸ ಇಂಧನದ ಒಂದು ಪಾಲು ಉರಿಯುವ ಮೊದಲೇ ಹೊಗೆಯೊಂದಿಗೆ ಹೊರಗೆ ಹೋಗಿಬಿಡುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ಟು ಸ್ಟ್ರೋಕ್ ಔಟ್‌ಬೋರ್ಡ್‌ಗಳಲ್ಲಿ ಹೀಗೆ ವ್ಯರ್ಥವಾಗುವುದು ಇಂಧನದ ನಾಲ್ಕನೇ ಒಂದು ಭಾಗದಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. ಅಂದರೆ ಹತ್ತು ಲೀಟರ್ ಪೆಟ್ರೋಲ್ ಹಾಕಿದರೆ ಸುಮಾರು ಎರಡೂವರೆ ಲೀಟರ್ ಉರಿಯದೆ ಹೋಗುತ್ತದೆ. ಅದರೊಂದಿಗೆ ಬೆರೆಸಿದ ಆಯಿಲ್ ಕೂಡ.

ಹೀಗೆ ಹೋದದ್ದರಲ್ಲಿ ಸ್ವಲ್ಪ ಗಾಳಿಗೆ ಸೇರುತ್ತದೆ, ಸ್ವಲ್ಪ ನೀರಿನಲ್ಲಿ ಉಳಿಯುತ್ತದೆ. ಪೆಟ್ರೋಲಿನಲ್ಲಿರುವ ಬೆಂಜೀನ್ ಕ್ಯಾನ್ಸರ್ ತರಬಲ್ಲ ವಸ್ತು. ಟೊಲ್ಯೂಯೀನ್, ಕ್ಸೈಲೀನ್ ಎಂಬುವೂ ಅದರ ಜತೆಗಿರುತ್ತವೆ. ಹೊಗೆಯಲ್ಲಿರುವ ಇನ್ನೊಂದು ಗುಂಪಿನ ರಾಸಾಯನಿಕಗಳು ಬಿಸಿಲು ಬಿದ್ದಾಗ ಮೀನಿನ ಮರಿಗಳಿಗೂ, ಅವುಗಳ ಆಹಾರವಾದ ಸೂಕ್ಷ್ಮ ಜೀವಿಗಳಿಗೂ ಹೆಚ್ಚು ವಿಷವಾಗುತ್ತವೆ. ಇವೆಲ್ಲದರ ಜತೆಗೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಇದೆ. ಅದರ ವಿಷಯಕ್ಕೆ ಮುಂದೆ ಬರುತ್ತೇವೆ.

ಕುಡಿಯುವ ನೀರಿನಿಂದ ಆರಂಭವಾದ ನಿಯಮ

ಬೋಟಿನ ಹೊಗೆಗೆ ಮಿತಿ ಹಾಕುವ ಯೋಚನೆ ಜಗತ್ತಿನಲ್ಲಿ ಮೊದಲು ಬಲವಾದುದು ಸಮುದ್ರದಲ್ಲಿ ಅಲ್ಲ, ಜನರು ನೀರು ಕುಡಿಯುವ ಸರೋವರಗಳಲ್ಲಿ ಎಂಬುದು ಗಮನಿಸಬೇಕಾದ ಸಂಗತಿ.

ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಮೂರೂ ದೇಶಗಳು ಹಂಚಿಕೊಂಡಿರುವ ಕಾನ್‌ಸ್ಟನ್ಸ್ ಸರೋವರವಿದೆ. ಜರ್ಮನರು ಅದನ್ನು ಬೋಡೆನ್‌ಸೇ ಎನ್ನುತ್ತಾರೆ. ದಕ್ಷಿಣ ಜರ್ಮನಿಯಲ್ಲೇ ಸುಮಾರು 40 ಲಕ್ಷ ಜನರಿಗೆ ಅಲ್ಲಿಂದ ಕೊಳವೆಗಳಲ್ಲಿ ಕುಡಿಯುವ ನೀರು ಹೋಗುತ್ತದೆ. ಬೇಸಿಗೆ ಬಂತೆಂದರೆ ಅದೇ ನೀರಿನ ಮೇಲೆ ವಿಹಾರದ ಬೋಟುಗಳ ಜಾತ್ರೆ. ಆ ಸರೋವರಕ್ಕೆ ಹೊಸದಾಗಿ ಇಳಿಯುವ ಬೋಟ್ ಎಂಜಿನ್‌ಗಳಿಗೆ 1993ರಿಂದ ಹೊಗೆಯ ಮಿತಿ ಜಾರಿಗೆ ಬಂತು. 1996ರಿಂದ ಅದು ಇನ್ನೂ ಬಿಗಿಯಾಯಿತು. ಒಂದೇ ಸರೋವರಕ್ಕಾಗಿ ಮೂರು ದೇಶಗಳು ಕೂಡಿ ಮಾಡಿದ ನಿಯಮ ಇದು.

ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ನೆವಾಡ ರಾಜ್ಯಗಳ ಗಡಿಯಲ್ಲಿರುವ ಟಾಹೋ ಸರೋವರ ತಿಳಿನೀರಿಗೆ ಹೆಸರಾದದ್ದು. ಅಲ್ಲಿ 1999ರ ಜೂನ್ ತಿಂಗಳಿನಿಂದ ಕಾರ್ಬ್ಯುರೇಟರ್ ಇರುವ ಟು ಸ್ಟ್ರೋಕ್ ಎಂಜಿನ್‌ಗಳನ್ನು ನಿಷೇಧಿಸಿದರು. ತೀರ ಸಣ್ಣ ಎಂಜಿನ್‌ಗಳಿಗೆ ಮಾತ್ರ ಸ್ವಲ್ಪ ಕಾಲಾವಕಾಶ ಕೊಟ್ಟರು.

ಅಮೆರಿಕದ ಕೇಂದ್ರ ಪರಿಸರ ಇಲಾಖೆ 1996ರಲ್ಲಿ ಔಟ್‌ಬೋರ್ಡ್ ಮತ್ತು ನೀರಿನ ಸ್ಕೂಟರುಗಳಿಗೆ ದೇಶವ್ಯಾಪಿ ನಿಯಮ ತಂದಿತು. 1998ರಿಂದ 2006ರವರೆಗೆ ವರ್ಷ ವರ್ಷ ಮಿತಿ ಬಿಗಿಯಾಗುತ್ತಾ ಹೋಯಿತು. ಯುರೋಪಿಯನ್ ಒಕ್ಕೂಟ ವಿಹಾರ ದೋಣಿಗಳ ನಿಯಮಕ್ಕೆ 2003ರಲ್ಲಿ ತಿದ್ದುಪಡಿ ಮಾಡಿ ಹೊಗೆಗೂ ಶಬ್ದಕ್ಕೂ ಮಿತಿ ಹಾಕಿತು. 2013ರಲ್ಲಿ ಇನ್ನೂ ಕಟ್ಟುನಿಟ್ಟಾದ ನಿಯಮ ಬಂತು.

ಕ್ಯಾಲಿಫೋರ್ನಿಯಾ ರಾಜ್ಯ ಒಂದು ಹೆಜ್ಜೆ ಮುಂದೆ ಹೋಗಿ ಎಂಜಿನ್‌ಗಳಿಗೆ ನಕ್ಷತ್ರದ ಚೀಟಿ ಅಂಟಿಸುವ ಕ್ರಮ ತಂದಿತು. ಒಂದು ನಕ್ಷತ್ರವೆಂದರೆ ಕಡಿಮೆ ಹೊಗೆ. ಎರಡು, ಮೂರು ನಕ್ಷತ್ರಗಳೆಂದರೆ ಅದಕ್ಕಿಂತಲೂ ಕಡಿಮೆ. ನಾಲ್ಕು ನಕ್ಷತ್ರ ಎಲ್ಲಕ್ಕಿಂತ ಶುದ್ಧ. ಫ್ರಿಜ್ಜು ಕೊಳ್ಳುವಾಗ ನಾವು ನಕ್ಷತ್ರ ಎಣಿಸುತ್ತೇವಲ್ಲ, ಹಾಗೆಯೇ. ಆ ನಾಲ್ಕನೇ ನಕ್ಷತ್ರಕ್ಕೆ ಒಳಗೆ ಕೂರಿಸುವ ಪೆಟ್ರೋಲ್ ಎಂಜಿನ್‌ಗಳನ್ನು ಮುಟ್ಟಿಸಿದ್ದು ಕ್ಯಾಟಲಿಟಿಕ್ ಕನ್ವರ್ಟರ್.

ಕ್ಯಾಟಲಿಟಿಕ್ ಕನ್ವರ್ಟರ್ ಎಂದರೇನು?

ಇದು ಕಾರಿನ ಅಡಿಯಲ್ಲಿ, ಎಂಜಿನ್‌ಗೂ ಸೈಲೆನ್ಸರ್‌ಗೂ ನಡುವೆ ಇರುವ ಒಂದು ಡಬ್ಬಿ. ಒಳಗೆ ಜೇನುಗೂಡಿನಂತೆ ಸಾವಿರಾರು ಸಣ್ಣ ರಂಧ್ರಗಳುಳ್ಳ ಪಿಂಗಾಣಿಯ ಅಥವಾ ಲೋಹದ ತುಂಡು ಇರುತ್ತದೆ. ಆ ರಂಧ್ರಗಳ ಗೋಡೆಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ತೆಳುವಾದ ಲೇಪ. ಬಿಸಿ ಹೊಗೆ ಅದರ ಮೂಲಕ ಹಾದುಹೋಗುವಾಗ ವಿಷಕಾರಿ ಕಾರ್ಬನ್ ಮೊನಾಕ್ಸೈಡ್ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಉರಿಯದ ಇಂಧನ ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ನೈಟ್ರೋಜನ್ ಆಕ್ಸೈಡುಗಳು ಒಡೆದು ಗಾಳಿಯಲ್ಲಿ ಹೇಗೂ ಇರುವ ನೈಟ್ರೋಜನ್ ಆಗುತ್ತವೆ. ಲೋಹ ತಾನು ಖರ್ಚಾಗದೆ ಈ ಕೆಲಸ ಮಾಡಿಸುತ್ತದೆ. ಹಾಲಿಗೆ ಹೆಪ್ಪು ಹಾಕಿದಂತೆ ಎಂದು ಹೇಳೋಣವೆಂದರೆ ಹೆಪ್ಪು ಮೊಸರಿನಲ್ಲೇ ಸೇರಿಹೋಗುತ್ತದೆ. ಇಲ್ಲಿ ಲೋಹ ಇದ್ದಲ್ಲೇ ಉಳಿಯುತ್ತದೆ.

ಆದರೆ ಇದಕ್ಕೆ ಮೂರು ಷರತ್ತುಗಳಿವೆ. ಒಂದು, ಡಬ್ಬಿ ಚೆನ್ನಾಗಿ ಬಿಸಿಯಾಗಬೇಕು. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಎರಡು, ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಎಂಬ ಲೆಕ್ಕ ತಪ್ಪಬಾರದು. ಅದಕ್ಕಾಗಿ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಸೆನ್ಸರ್ ಬೇಕು, ಕ್ಷಣಕ್ಷಣಕ್ಕೂ ಇಂಧನ ಸರಿಪಡಿಸುವ ಕಂಪ್ಯೂಟರ್ ಬೇಕು. ಮೂರು, ಪೆಟ್ರೋಲಿನಲ್ಲಿ ಸೀಸ ಇರಬಾರದು, ಇದ್ದರೆ ಲೇಪ ಸತ್ತುಹೋಗುತ್ತದೆ.

ನಮ್ಮ ದೇಶದಲ್ಲಿ 1995ರ ಏಪ್ರಿಲ್‌ನಲ್ಲಿ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ ನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾದಾಗಲೇ ಅಲ್ಲಿ ಸೀಸವಿಲ್ಲದ ಪೆಟ್ರೋಲನ್ನೂ ತಂದದ್ದು ಈ ಕಾರಣಕ್ಕೆ. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲ್ ಬಂತು. 2020ರ ಏಪ್ರಿಲ್ 1ರಿಂದ ಹೊಸ ವಾಹನಗಳೆಲ್ಲ ಭಾರತ್ ಸ್ಟೇಜ್-6 ಮಟ್ಟಕ್ಕೆ ಬಂದವು. ರಸ್ತೆಯ ಮೇಲೆ ನಾವು ಇಪ್ಪತ್ತೈದು ವರ್ಷಗಳಲ್ಲಿ ಇಷ್ಟು ದೂರ ಬಂದಿದ್ದೇವೆ.

ನೀರಿನ ಮೇಲೆ ಅದು ಯಾಕೆ ಕಷ್ಟ?

ಹಾಗಾದರೆ ಕಾರಿನ ಡಬ್ಬಿಯನ್ನೇ ತೆಗೆದು ಬೋಟಿಗೆ ಜೋಡಿಸಿದರೆ ಆಗದೇ ಎಂಬ ಪ್ರಶ್ನೆ ಸಹಜ. ಎಂಜಿನಿಯರುಗಳು ಇದಕ್ಕಾಗಿ ಬಹಳ ವರ್ಷ ಒದ್ದಾಡಿದ್ದಾರೆ.

ಮೊದಲನೆಯದು ಬಿಸಿಯ ಸಮಸ್ಯೆ. ಕಾರಿನ ಕನ್ವರ್ಟರ್ ಅಡಿಭಾಗದಲ್ಲಿ ಗಾಳಿಗೆ ತೆರೆದಿರುತ್ತದೆ. ಬೋಟಿನ ಎಂಜಿನ್ ಮುಚ್ಚಿದ ಗೂಡಿನೊಳಗಿರುತ್ತದೆ. ಅಲ್ಲಿ ಪೆಟ್ರೋಲ್ ಆವಿ ತುಂಬಿಕೊಳ್ಳುವ ಅಪಾಯವಿದೆ. ಕೆಂಪಗೆ ಕಾದ ಡಬ್ಬಿಯನ್ನು ಅಲ್ಲಿಡುವುದು ಬೆಂಕಿಗೆ ಆಹ್ವಾನ ಕೊಟ್ಟಂತೆ. ಆದ್ದರಿಂದ ಬೋಟಿನ ಹೊಗೆ ಕೊಳವೆಯ ಸುತ್ತ ತಣ್ಣೀರು ಹರಿಯುವ ಇನ್ನೊಂದು ಕವಚ ಇರುತ್ತದೆ. ಒಳಗೆ ಕನ್ವರ್ಟರ್ ಕಾಯಬೇಕು, ಹೊರಗೆ ಕವಚ ತಣ್ಣಗಿರಬೇಕು. ಎರಡನ್ನೂ ಒಟ್ಟಿಗೆ ಸಾಧಿಸಬೇಕು.

ಎರಡನೆಯದು ನೀರಿನ ಸಮಸ್ಯೆ. ಬೋಟಿನಲ್ಲಿ ಹೊಗೆಯನ್ನು ತಣಿಸಲು ಕೊನೆಯಲ್ಲಿ ಅದರೊಂದಿಗೆ ನೀರನ್ನೇ ಬೆರೆಸಿ ಹೊರಬಿಡುತ್ತಾರೆ. ಎಂಜಿನ್ ನಿಧಾನವಾಗಿ ಓಡುವಾಗ ಹೊಗೆಯ ಒತ್ತಡ ಹಿಂದೆ ಮುಂದೆ ಆಗಿ ಆ ನೀರಿನ ಹನಿಗಳು ಹಿಮ್ಮುಖವಾಗಿ ಒಳಗೆ ಸೆಳೆಯಲ್ಪಡುತ್ತವೆ. ಕಾದ ಪಿಂಗಾಣಿಗೆ ತಣ್ಣೀರು ಬಿದ್ದರೆ ಏನಾಗುತ್ತದೆ ಎಂದು ಅಡುಗೆಮನೆಯಲ್ಲಿ ಕೆಲಸ ಮಾಡಿದವರಿಗೆ ಹೇಳಬೇಕಾಗಿಲ್ಲ. ಉಪ್ಪು ನೀರಾದರೆ ತೊಂದರೆ ಇನ್ನೂ ಹೆಚ್ಚು; ಲೇಪವೂ ಕೆಡುತ್ತದೆ, ಸೆನ್ಸರ್ ಕೂಡ ಕೆಡುತ್ತದೆ.

ಮೂರನೆಯದು ದುಡಿಮೆಯ ಸಮಸ್ಯೆ. ಕಾರು ಸಮತಟ್ಟಾದ ರಸ್ತೆಯಲ್ಲಿ ಸುಲಭವಾಗಿ ಉರುಳುತ್ತದೆ. ಬೋಟ್ ಸದಾ ನೀರನ್ನು ಸೀಳಿಕೊಂಡು ಹೋಗಬೇಕು. ಬೋಟಿನ ಎಂಜಿನ್‌ಗೆ ದಿನವಿಡೀ ಆಗುಂಬೆ ಘಾಟಿ ಹತ್ತುತ್ತಿರುವಷ್ಟು ಕೆಲಸ. ಅಷ್ಟು ದುಡಿಯುವ ಎಂಜಿನ್ ಬಿಸಿಯಾಗದಿರಲೆಂದು ಹಳೆಯ ಎಂಜಿನ್‌ಗಳಿಗೆ ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲ್ ಉಣಿಸುತ್ತಿದ್ದರು. ಆಗ 14.7ರ ಲೆಕ್ಕ ತಪ್ಪುತ್ತದೆ, ಕನ್ವರ್ಟರ್ ಕೆಲಸ ಮಾಡುವುದಿಲ್ಲ.

ಈ ಮೂರಕ್ಕೂ ಪರಿಹಾರ ಕಂಡುಹಿಡಿದರು. ಸಣ್ಣ ಕನ್ವರ್ಟರನ್ನು ಎಂಜಿನ್‌ಗೆ ತೀರ ಹತ್ತಿರ, ನೀರು ಬೆರೆಸುವ ಜಾಗಕ್ಕಿಂತ ಸಾಕಷ್ಟು ಮೇಲೆ ಇಟ್ಟರು. ಕಾರ್ಬ್ಯುರೇಟರ್ ತೆಗೆದು ಕಂಪ್ಯೂಟರ್ ನಿಯಂತ್ರಣದ ಇಂಜೆಕ್ಷನ್ ತಂದರು. ಸಿಹಿನೀರಿನಲ್ಲೂ ಉಪ್ಪುನೀರಿನಲ್ಲೂ ಓಡಿಸಿ ಪರೀಕ್ಷಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಈ ಬಗೆಯ ಎಂಜಿನ್‌ಗಳು ಮೊದಲು ಬಂದವು. ಅಮೆರಿಕದ ಕೇಂದ್ರ ಪರಿಸರ ಇಲಾಖೆ 2008ರಲ್ಲಿ ಹೊರಡಿಸಿದ ನಿಯಮದಂತೆ 2010ರ ಮಾದರಿಯಿಂದ ದೇಶದಾದ್ಯಂತ ಒಳಗೆ ಕೂರಿಸುವ ಪೆಟ್ರೋಲ್ ಎಂಜಿನ್‌ಗಳಿಗೆ ಹೊಸ ಮಿತಿ ಅನ್ವಯವಾಯಿತು.

ಮಿತಿ ಎಷ್ಟು? ನಮ್ಮ ವಿದ್ಯುತ್ ಬಿಲ್ಲಿನ ಒಂದು ಯೂನಿಟ್‌ನಷ್ಟು ಕೆಲಸ ಮಾಡುವಾಗ ಉರಿಯದ ಇಂಧನ ಮತ್ತು ನೈಟ್ರೋಜನ್ ಆಕ್ಸೈಡ್ ಎರಡೂ ಸೇರಿ 5 ಗ್ರಾಂ ದಾಟಬಾರದು. ಅದಕ್ಕೂ ಮೊದಲು, 2003ರಿಂದ, ಕ್ಯಾಲಿಫೋರ್ನಿಯಾದಲ್ಲಿ 16 ಗ್ರಾಂವರೆಗೆ ಅವಕಾಶವಿತ್ತು. ಕಾರ್ಬನ್ ಮೊನಾಕ್ಸೈಡ್‌ಗೆ 75 ಗ್ರಾಂ ಮಿತಿ. ಹೊಸದರಲ್ಲಿ ಮಾತ್ರ ಪಾಸಾದರೆ ಸಾಲದು, 480 ಗಂಟೆ ಓಡಿದ ಮೇಲೂ ಅಥವಾ ಹತ್ತು ವರ್ಷವಾದರೂ ಎಂಜಿನ್ ಆ ಮಿತಿಯೊಳಗೇ ಇರಬೇಕು.

ಔಟ್‌ಬೋರ್ಡಿನ ದಾರಿ ಬೇರೆ

ಹೊರಗೆ ಸಿಕ್ಕಿಸುವ ಔಟ್‌ಬೋರ್ಡ್‌ಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬೇಕಾಗಲಿಲ್ಲ. ಅವುಗಳಲ್ಲಿ ಜಾಗವೂ ಕಡಿಮೆ. ಅಲ್ಲಿ ಪರಿಹಾರ ಸರಳವಾಗಿತ್ತು: ಎಂಜಿನ್ನೇ ಬದಲಾಯಿತು. ಹಳೆಯ ಟು ಸ್ಟ್ರೋಕ್ ಬದಲು ಫೋರ್ ಸ್ಟ್ರೋಕ್ ಬಂತು. ಇದರಲ್ಲಿ ಹೊಸ ಇಂಧನವೂ ಹಳೆಯ ಹೊಗೆಯೂ ಬೆರೆತು ಹೋಗುವುದು ತೀರ ಕಡಿಮೆ, ಪೆಟ್ರೋಲಿಗೆ ಆಯಿಲ್ ಬೆರೆಸುವ ಅಗತ್ಯವೂ ಇಲ್ಲ. ಕೆಲವು ಕಂಪೆನಿಗಳು ಟು ಸ್ಟ್ರೋಕನ್ನೇ ಸುಧಾರಿಸಿ, ಹೊಗೆಯ ಬಾಗಿಲು ಮುಚ್ಚಿದ ಮೇಲೆ ಇಂಧನವನ್ನು ನೇರವಾಗಿ ಸಿಂಪಡಿಸುವ ಎಂಜಿನ್‌ಗಳನ್ನು ಮಾಡಿದವು. ಎವಿನ್‌ರೂಡ್ ಆ ದಾರಿ ಹಿಡಿದ ಪ್ರಸಿದ್ಧ ಹೆಸರು. 2020ರಲ್ಲಿ ಅದರ ತಯಾರಿಕೆ ನಿಂತುಹೋಯಿತು.

ಡೀಸೆಲ್ ಎಂಜಿನ್‌ನ ಕತೆ ಮತ್ತೆ ಬೇರೆ. ಅದರ ಹೊಗೆಯಲ್ಲಿ ಆಮ್ಲಜನಕ ಬಹಳ ಉಳಿದಿರುವುದರಿಂದ ಪೆಟ್ರೋಲ್ ಕಾರಿನ ಕನ್ವರ್ಟರ್ ಅಲ್ಲಿ ನೈಟ್ರೋಜನ್ ಆಕ್ಸೈಡನ್ನು ಕಡಿಮೆ ಮಾಡಲಾರದು. ದೊಡ್ಡ ಬೋಟುಗಳ ಡೀಸೆಲ್ ಎಂಜಿನ್‌ಗೆ ಬೇರೆಯೇ ಉಪಾಯಗಳು ಬೇಕು.

ನಮ್ಮಲ್ಲಿ ಏನಿದೆ?

ಈಗ ಹುಡುಗನ ಪ್ರಶ್ನೆಗೆ ನೇರವಾಗಿ ಬರೋಣ. ಕುಂಸಿಯ ರಸ್ತೆಬದಿಯಲ್ಲಿ ಬೈಕಿನ ಹೊಗೆ ಅಳೆದದ್ದು ಮೋಟಾರು ವಾಹನಗಳ ನಿಯಮದ ಪ್ರಕಾರ. ನೋಂದಣಿಯಾಗಿ ಒಂದು ವರ್ಷ ಕಳೆದ ಮೇಲೆ ಪ್ರತಿಯೊಂದು ಮೋಟಾರು ವಾಹನಕ್ಕೂ ಹೊಗೆ ತಪಾಸಣೆಯ ಪ್ರಮಾಣಪತ್ರ ಬೇಕು. ಬೋಟ್ ಆ ಕಾನೂನಿನ ಲೆಕ್ಕದಲ್ಲಿ ವಾಹನವೇ ಅಲ್ಲ. ಭಾರತ್ ಸ್ಟೇಜ್-6 ಕೂಡ ಅದಕ್ಕೆ ಅನ್ವಯಿಸುವುದಿಲ್ಲ.

ಬೋಟುಗಳಿಗೆ ಇರುವುದು ಒಳನಾಡು ಜಲನೌಕೆಗಳ ಕಾನೂನು. ಬ್ರಿಟಿಷರು 1917ರಲ್ಲಿ ಮಾಡಿದ್ದ ಕಾಯ್ದೆಯೇ ನೂರಕ್ಕೂ ಹೆಚ್ಚು ವರ್ಷ ನಡೆದುಬಂತು. 2021ರಲ್ಲಿ ಸಂಸತ್ತು ಅದರ ಬದಲು ಹೊಸ ಕಾಯ್ದೆ ಮಾಡಿತು. ನೋಂದಣಿ, ಸರ್ವೆ, ವಿಮೆ, ಜೀವರಕ್ಷಣೆಯ ಜತೆಗೆ ಮಾಲಿನ್ಯ ತಡೆಯೂ ಅದರಲ್ಲಿ ಸೇರಿದೆ. ಮಾಲಿನ್ಯ ತಡೆಗೆಂದೇ 2022ರಲ್ಲಿ ಪ್ರತ್ಯೇಕ ನಿಯಮಗಳೂ ಬಂದವು. ಕಾಗದದ ಮೇಲೆ ಬಾಗಿಲು ತೆರೆದಿದೆ. ಆದರೆ ಕುಂಸಿಯಲ್ಲಿ ಬೈಕಿನವರು ಸರದಿ ನಿಂತಂತೆ ಬೋಟಿನವರು ಚೀಟಿಗಾಗಿ ಸರದಿ ನಿಲ್ಲುವುದನ್ನು ನಾವು ಎಲ್ಲೂ ಕಂಡಿಲ್ಲ.

ಇಲ್ಲಿ ನಮ್ಮ ಕರಾವಳಿಯ ಮನೆಗಳ ಮಾತನ್ನೂ ಹೇಳಲೇಬೇಕು. ನಮ್ಮ ನಾಡದೋಣಿಗಳಲ್ಲಿ ಬಹುಕಾಲದಿಂದ ಇರುವುದು ಸೀಮೆಎಣ್ಣೆಯ ಔಟ್‌ಬೋರ್ಡ್‌ಗಳು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಕ್ರಮ. ಇವು ಹೊಗೆ ಕಾರುವ ಎಂಜಿನ್‌ಗಳು ಎಂಬುದನ್ನು ಅವುಗಳ ಹತ್ತಿರ ಕುಳಿತು ಕೆಮ್ಮುವ ಮೀನುಗಾರರೇ ಚೆನ್ನಾಗಿ ಬಲ್ಲರು. 2023ರ ಜುಲೈಯಲ್ಲಿ ಮಂಡಿಸಿದ ರಾಜ್ಯ ಬಜೆಟ್‌ನಲ್ಲಿ ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗೆ ಬದಲಾಯಿಸುವವರಿಗೆ ತಲಾ 50,000 ರೂಪಾಯಿ ಸಹಾಯಧನ ಪ್ರಕಟಿಸಲಾಯಿತು. ಒಳ್ಳೆಯ ಹೆಜ್ಜೆ. ಆದರೆ ಹೊಸ ಎಂಜಿನ್‌ನ ಬೆಲೆ ಆ ಸಹಾಯಧನಕ್ಕಿಂತ ಹೆಚ್ಚು, ಪೆಟ್ರೋಲಿನ ಬೆಲೆ ಸಬ್ಸಿಡಿಯ ಸೀಮೆಎಣ್ಣೆಗಿಂತ ಹೆಚ್ಚು. ದಿನದ ಬಲೆಯಲ್ಲಿ ಏನು ಬೀಳುವುದೋ ಗೊತ್ತಿಲ್ಲದವರ ಮೇಲೆ ಒಮ್ಮೆಗೇ ನಿಯಮ ಹೇರಿದರೆ ದೋಣಿಯೇ ದಡದಲ್ಲಿ ಉಳಿದೀತು.

ಆದ್ದರಿಂದ ನಮ್ಮ ಅಭಿಪ್ರಾಯ ಇದು. ನಿಯಮ ಬರಲಿ, ಆದರೆ ಅದು ಹೊಟ್ಟೆಪಾಡಿನ ದೋಣಿಯಿಂದ ಆರಂಭವಾಗುವುದು ಬೇಡ. ಮೋಜಿನ ಬೋಟಿನಿಂದ, ಅದರಲ್ಲೂ ಜನರು ಕುಡಿಯುವ ನೀರಿನ ಮೇಲೆ ಓಡುವ ಮೋಜಿನ ಬೋಟಿನಿಂದ ಆರಂಭವಾಗಲಿ. ಬೋಡೆನ್‌ಸೇಯಲ್ಲೂ ಟಾಹೋದಲ್ಲೂ ಆದದ್ದು ಅದೇ.

ಮಲೆನಾಡಿನ ಹಿನ್ನೀರುಗಳು

ಶಿವಮೊಗ್ಗ ನಗರ ಕುಡಿಯುವುದು ತುಂಗೆಯ ನೀರು. ಗಾಜನೂರು ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲೇ ಸಕ್ರೆಬೈಲಿನ ಆನೆ ಬಿಡಾರವಿದೆ. ಭದ್ರಾವತಿಗೆ ಭದ್ರೆಯೇ ಆಧಾರ. ಲಕ್ಕವಳ್ಳಿಯ ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುತ್ತವೆ, ಅವನ್ನು ನೋಡಲು ಪ್ರವಾಸಿಗಳು ಬೋಟಿನಲ್ಲಿ ಹೋಗುತ್ತಾರೆ. ಇತ್ತ ಲಿಂಗನಮಕ್ಕಿಯ ಶರಾವತಿ ಹಿನ್ನೀರಿನಲ್ಲಿ ಹಲವು ದಶಕ ಸಿಗಂದೂರಿನ ಲಾಂಚೇ ಜನರ ದಾರಿಯಾಗಿತ್ತು. 2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ಅಲ್ಲಿ ಬೋಟ್ ಇನ್ನು ಮುಂದೆ ಅಗತ್ಯಕ್ಕಿಂತ ವಿಹಾರದ ವಿಷಯವೇ ಆಗಲಿದೆ.

ಈ ಹಿನ್ನೀರುಗಳು ಬಹಳ ದೊಡ್ಡವು, ನಾಲ್ಕಾರು ಬೋಟಿನಿಂದ ಕೆಡುವುದಿಲ್ಲ ಎಂದು ಹೇಳುವವರಿದ್ದಾರೆ. ಮಳೆಗಾಲದಲ್ಲಿ ಆ ಮಾತು ಸರಿ. ಆದರೆ ಪ್ರವಾಸಿಗಳು ಹೆಚ್ಚು ಬರುವುದು ಮಳೆ ನಿಂತ ಮೇಲೆ, ನೀರು ಇಳಿಯುತ್ತಾ ಹೋಗುವ ತಿಂಗಳುಗಳಲ್ಲಿ. ಬೋಟುಗಳು ಸುತ್ತುವುದೂ ಜಲಾಶಯದ ಉದ್ದಗಲಕ್ಕಲ್ಲ, ದಡದ ಒಂದು ಮೂಲೆಯಲ್ಲಿ. ಆಗ ಆ ಮೂಲೆಯ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಎಣ್ಣೆಯ ಪೊರೆ ಕಾಣುತ್ತದೆ.

ದಾರಿ ಇಲ್ಲದಿಲ್ಲ. ಭೋಪಾಲದ ಬಡಾ ತಾಲಾಬ್ ಆ ನಗರದ ಕುಡಿಯುವ ನೀರಿನ ಮೂಲ. ಅಲ್ಲಿ ಕ್ರೂಸ್ ಮತ್ತು ಮೋಟಾರ್ ಬೋಟುಗಳನ್ನು ನಿಲ್ಲಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2023ರಲ್ಲಿ ಆದೇಶಿಸಿತು. ಕೇರಳದಲ್ಲಿ ಇನ್ನೊಂದು ದಾರಿ ಹಿಡಿದರು. ವೈಕಂ ಮತ್ತು ತವಣಕ್ಕಡವು ನಡುವೆ 75 ಜನ ಕೂರುವ ‘ಆದಿತ್ಯ’ ಎಂಬ ಸೌರಶಕ್ತಿಯ ಬೋಟ್ 2017ರ ಜನವರಿಯಲ್ಲಿ ಓಡಾಟ ಆರಂಭಿಸಿತು. 2023ರ ಏಪ್ರಿಲ್‌ನಲ್ಲಿ ಕೊಚ್ಚಿಯ ವಾಟರ್ ಮೆಟ್ರೋ ಬ್ಯಾಟರಿ ಬೋಟುಗಳೊಂದಿಗೆ ಶುರುವಾಯಿತು. ಸಾರ್ವಜನಿಕರ ನಿತ್ಯದ ಪ್ರಯಾಣಕ್ಕೇ ಇದು ಸಾಧ್ಯವಾದರೆ, ಹದಿನೈದು ನಿಮಿಷ ಸುತ್ತಿ ದಡಕ್ಕೆ ಬರುವ ವಿಹಾರದ ಬೋಟಿಗೆ ಅಸಾಧ್ಯವೇನಲ್ಲ. ಚಾರ್ಜ್ ಮಾಡಲು ದಡ ಹತ್ತಿರದಲ್ಲೇ ಇರುತ್ತದೆ.

ತಲೆನೋವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ

ಕೊನೆಯದಾಗಿ, ಆ ದಿನ ನಮ್ಮ ಮಕ್ಕಳಿಗೆ ಬಂದ ತಲೆನೋವಿನ ವಿಷಯ. ಅದಕ್ಕೆ ಘಾಟಿಯೇ ಕಾರಣವಿರಬಹುದು. ಆದರೆ ಕಾರ್ಬನ್ ಮೊನಾಕ್ಸೈಡ್ ದೇಹಕ್ಕೆ ಸೇರಿದಾಗ ಮೊದಲು ಕಾಣುವುದೂ ತಲೆನೋವು, ತಲೆಸುತ್ತು, ವಾಕರಿಕೆಗಳೇ. ರಕ್ತ ಆಮ್ಲಜನಕವನ್ನು ಬಿಟ್ಟು ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಬೋಟ್ ಮುಂದೆ ಹೋಗುವಾಗ ಅದರ ಹಿಂದೆ ಗಾಳಿ ಸುಳಿದು ಹೊಗೆಯನ್ನು ಮತ್ತೆ ಬೋಟಿನೊಳಕ್ಕೇ ಎಳೆಯುತ್ತದೆ. ಆದ್ದರಿಂದ ಹಿಂಭಾಗದ ಸೀಟೇ ಹೆಚ್ಚು ಅಪಾಯದ ಜಾಗ.

ಇದು ಬರೀ ಹೆದರಿಕೆಯ ಮಾತಲ್ಲ. ಅಮೆರಿಕದ ಪೊವೆಲ್ ಸರೋವರದಲ್ಲಿ 2000ದ ಆಗಸ್ಟ್‌ನಲ್ಲಿ ದೋಣಿಮನೆಯೊಂದರ ಹಿಂದಿನ ಹಲಗೆಯ ಕೆಳಗೆ ಈಜುತ್ತಿದ್ದ ಇಬ್ಬರು ಬಾಲಕರು, ಒಡಹುಟ್ಟಿದವರು, ಅಲ್ಲಿ ತುಂಬಿದ್ದ ಜನರೇಟರ್ ಹೊಗೆಯಿಂದ ಪ್ರಾಣ ಕಳೆದುಕೊಂಡರು. ಓಡುವ ಬೋಟಿನ ಹಿಂದಿನ ಹಲಗೆ ಹಿಡಿದು ತೇಲುವ ಆಟದಲ್ಲೂ ಸಾವುಗಳಾಗಿದ್ದರಿಂದ ಕ್ಯಾಲಿಫೋರ್ನಿಯಾ 2005ರಿಂದ ಆ ಆಟವನ್ನೇ ಕಾನೂನಿನಿಂದ ನಿಷೇಧಿಸಿತು. ಕನ್ವರ್ಟರ್ ಇದ್ದರೂ ಎಂಜಿನ್ ತಣ್ಣಗಿರುವಾಗ ಅದು ಕೆಲಸ ಮಾಡುವುದಿಲ್ಲ ಎಂಬುದನ್ನು ಮರೆಯಬಾರದು.

ಆದ್ದರಿಂದ ಪ್ರವಾಸ ಏರ್ಪಡಿಸುವವರು ಈ ಕೆಲವು ಸಂಗತಿಗಳನ್ನು ನೆನಪಿಟ್ಟುಕೊಳ್ಳಬೇಕೆಂದು ವಿನಂತಿಸುತ್ತೇವೆ:

- ಬೋಟ್ ಹತ್ತುವ ಮೊದಲು ಎಂಜಿನ್ ಯಾವುದೆಂದು ಕೇಳಿ. ಬೋಟಿನವರು ಪೆಟ್ರೋಲಿಗೆ ಆಯಿಲ್ ಬೆರೆಸುತ್ತಿದ್ದರೆ ಅದು ಟು ಸ್ಟ್ರೋಕ್. ಫೋರ್ ಸ್ಟ್ರೋಕ್ ಅಥವಾ ಬ್ಯಾಟರಿ ಬೋಟ್ ಇದ್ದರೆ ಸ್ವಲ್ಪ ದುಡ್ಡು ಹೆಚ್ಚಾದರೂ ಅದನ್ನೇ ಆರಿಸಿ. ಗಿರಾಕಿ ಕೇಳಿದರೆ ಮಾತ್ರ ಮಾಲೀಕರು ಬದಲಾಯಿಸುತ್ತಾರೆ.

- ಚಿಕ್ಕ ಮಕ್ಕಳನ್ನು ಎಂಜಿನ್‌ನ ಪಕ್ಕ, ಹಿಂದಿನ ಸೀಟಿನಲ್ಲಿ ಕೂರಿಸಬೇಡಿ. ಟರ್ಪಾಲು ಎಲ್ಲ ಕಡೆ ಕಟ್ಟಿ ಗಾಳಿ ಮುಚ್ಚಬೇಡಿ.

- ಎಂಜಿನ್ ಚಾಲೂ ಇರುವಾಗ ಬೋಟಿನ ಹಿಂದೆ ಯಾರೂ ನೀರಿಗೆ ಇಳಿಯಕೂಡದು. ದಡದಲ್ಲಿ ಜನ ಹತ್ತುವಾಗ ಎಂಜಿನ್ ಬಂದ್ ಮಾಡಲು ಹೇಳಿ.

- ಯಾರಿಗಾದರೂ ತಲೆನೋವು, ವಾಕರಿಕೆ ಬಂದರೆ ಕೂಡಲೇ ಹೊಗೆಯಿಂದ ದೂರ, ತೆರೆದ ಗಾಳಿಗೆ ಕರೆತನ್ನಿ. ಕಡಿಮೆಯಾಗದಿದ್ದರೆ, ಮಂಪರು ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಬೋಟಿನ ಹೊಗೆ ಕುಡಿದದ್ದನ್ನು ವೈದ್ಯರಿಗೆ ಹೇಳಿ.

- ಲೈಫ್ ಜಾಕೆಟ್ ಎಲ್ಲರಿಗೂ ಇರಲಿ. ಹೊಗೆಯ ಮಾತಿನಲ್ಲಿ ಇದು ಮರೆತುಹೋಗಬಾರದು.

ನಮ್ಮ ಮೀನುಗಾರ ಬಂಧುಗಳಿಗೂ ಒಂದು ಮಾತು. ಟ್ಯಾಂಕಿಗೆ ಎಣ್ಣೆ ಹಾಕುವಾಗ ನೀರಿಗೆ ಚೆಲ್ಲದಂತೆ ನೋಡಿಕೊಳ್ಳುವುದು, ಕಂಪೆನಿ ಹೇಳಿದ್ದಕ್ಕಿಂತ ಹೆಚ್ಚು ಆಯಿಲ್ ಬೆರೆಸದಿರುವುದು, ಪ್ಲಗ್ ಮತ್ತು ಕಾರ್ಬ್ಯುರೇಟರ್ ಶುಚಿಯಾಗಿಡುವುದು, ಇಷ್ಟಕ್ಕೆ ಯಾವ ಸಹಾಯಧನವೂ ಬೇಕಿಲ್ಲ. ಹೊಗೆ ಕಡಿಮೆಯಾದಷ್ಟೂ ಖರ್ಚೂ ಕಡಿಮೆ.

ಕುಂಸಿಯಲ್ಲಿ ಕೇಳಿದ ಆ ಹುಡುಗನಿಗೆ ಈಗ ನಾವು ಹೀಗೆ ಹೇಳಬಲ್ಲೆವು: ಮಗಾ, ಬೋಟಿನ ಹೊಗೆ ನೀರಿನೊಳಗೆ ಹೋಗುವುದರಿಂದ ದೊಡ್ಡವರಿಗೆ ಅದು ಬೇಗ ಕಾಣಲಿಲ್ಲ. ಕಂಡ ಕಡೆ ನಿಯಮ ಬಂತು, ಎಂಜಿನ್ನೂ ಬದಲಾಯಿತು. ನಮ್ಮಲ್ಲಿಯೂ ಬರಬೇಕಾದರೆ ನೀನು ಕೇಳಿದ ಪ್ರಶ್ನೆಯನ್ನು ನಾವೆಲ್ಲರೂ ಬೋಟ್ ಹತ್ತುವ ಮೊದಲು ಕೇಳಬೇಕು. ಮುಂದಿನ ಪ್ರವಾಸದಲ್ಲಿ ನಾವು ಖಂಡಿತ ಕೇಳುತ್ತೇವೆ. ಓದುಗರೂ ಕೇಳುವಿರೆಂದು ನಂಬಿದ್ದೇವೆ.